ಎಡಗೈ ತೋರುಬೆರಳು

ಏಳನೇ ದಿನದ ಅನ್ನ ಉಂಡು ನೆಂಟರೆಲ್ಲ ಹೊರಟುಹೋದರು. ಎಂಟನೇ ದಿನ ಬೆಳಿಗ್ಗೆ ಬೈಂದು ಎದ್ದು ಅಂಗಳ ಗುಡಿಸಿದಳು. ಒಲೆ ಹಚ್ಚಿದಳು. ಮಿಕ್ಕಿದ್ದ ಅನ್ನಕ್ಕೆ ತಾಳೆಣ್ಣೆ ಹಾಕಿ ಬಿಸಿ ಮಾಡಿದಳು. ಮೂರು ತಟ್ಟೆ ಇಟ್ಟಳು. ಆಮೇಲೆ ಒಂದನ್ನು ತೆಗೆದಳು.

ಬಂದಾಹುನ್ ಊರಿನಲ್ಲಿ ಎಂದಿನ ಹಾಗೆಯೇ ಬೆಳಗಾಗಿತ್ತು. ಪಕ್ಕದ ಮನೆಯಲ್ಲಿ ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದರು. ಬಾಡಿಗೆ ಬೈಕೊಂದು ಹಾರನ್ ಹೊಡೆಯುತ್ತ ಹೋಯಿತು. ಅವಳ ಗಂಡ ವಾಂಡಿ ಸತ್ತಿದ್ದಕ್ಕೆ ಯಾವುದೂ ನಿಂತಿರಲಿಲ್ಲ.

ಬೈಂದು ಇನ್ನೂ ಅತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಗಂಡನನ್ನು ಪ್ಲಾಸ್ಟಿಕ್ ಪರದೆಯ ಆಚೆಯಿಂದ ತೋರಿಸಿದ್ದರು. ವಸಡಿನಿಂದ ರಕ್ತ ಒಸರುತ್ತಿತ್ತು. ಕಿವಿ ಕೇಳುತ್ತಿರಲಿಲ್ಲ. ಅವಳು ಕೂಗಿ ಹೇಳಿದ್ದು ಅವನಿಗೆ ಮುಟ್ಟಲಿಲ್ಲ. ಸೇರಿಸಿದ ಮೂರನೇ ದಿನ ಸತ್ತವನನ್ನು ಬಿಳಿ ಚೀಲದಲ್ಲಿ ಹಾಕಿ ಜಿಪ್ ಎಳೆದರು. ಹೆಣ ತೊಳೆಯಲು ಬಿಡಲಿಲ್ಲ. ಇಮಾಮರು ಹತ್ತು ಮಾರು ದೂರ ನಿಂತು ಪ್ರಾರ್ಥನೆ ಹೇಳಿದರು. ಮುಖವನ್ನೂ ಕೈಯನ್ನೂ ಮುಚ್ಚಿಕೊಂಡಿದ್ದ ನಾಲ್ಕು ಜನ ಅವನನ್ನು ಗುಂಡಿಗೆ ಇಳಿಸಿದರು. ಇಲಿಯಿಂದ ಹರಡುವ ಲಾಸಾ ಜ್ವರದಲ್ಲಿ ಸತ್ತವರಿಗೆಲ್ಲ ಹಾಗೆಯೇ. ಅದು ಸರಿಯೇ ಎಂದು ಬೈಂದುವಿಗೆ ಗೊತ್ತಿತ್ತು. ಅವಳು ಅದನ್ನೇ ಓದಿದವಳು.

"ಓದಿದವಳಲ್ವಾ, ಕಣ್ಣಲ್ಲಿ ನೀರಿಲ್ಲ" ಎಂದು ಏಳನೇ ದಿನ ಯಾರೋ ಹೆಂಗಸು ಅಂದಿದ್ದಳು. ಕೇಳಲಿ ಎಂದೇ ಅಂದಿದ್ದಳು.

ತಟ್ಟೆ ತೊಳೆಯುತ್ತಿರುವಾಗ ಜೀಪು ಬಂತು. ಬಿಳಿ ಜೀಪು. ಬಾಗಿಲ ಮೇಲೆ ವಿಶ್ವವಿದ್ಯಾಲಯದ ಮುದ್ರೆ, ಕೆಳಗೆ 'ಹೊಸ ಸೋಂಕು ರೋಗಗಳ ಸಂಶೋಧನಾ ಯೋಜನೆ'. ಸ್ಟೋರು ನೋಡಿಕೊಳ್ಳುವ ಅಲೂಸಿನ್ ಇಳಿದ. ಕಂಕುಳಲ್ಲಿ ಉದ್ದನೆಯ ಪುಸ್ತಕ. ಮೂಗುಬಾಯಿಗೆ ಮಾಸ್ಕು. ಸೂರಿನ ಕೆಳಗೆ ಬರಲಿಲ್ಲ. ಮಾವಿನ ಮರದ ಹತ್ತಿರವೇ ನಿಂತ.

"ದೇವರು ಅವನಿಗೆ ಒಳ್ಳೇ ಜಾಗ ಕೊಡ್ಲಿ" ಅಂದ.

"ಒಳಗೆ ಬಾ. ನಾವೇನು ಕಚ್ಚಲ್ಲ" ಎಂದಳು ಅತ್ತೆ ಜೆನೆಬಾ. ಅವಳು ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಎಂಟು ದಿನ ಅತ್ತು ಗಂಟಲು ಕಟ್ಟಿತ್ತು.

"ಪರವಾಗಿಲ್ಲ ಅಮ್ಮಾ. ಇಲ್ಲೇ ಗಾಳಿ ಚೆನ್ನಾಗಿದೆ."

"ಮುಖಕ್ಕೆ ಬಟ್ಟೆ ಬಿಗ್ಕೊಂಡು ಗಾಳಿ ಕುಡಿಯಕ್ಕೆ ಬಂದಿದಾನಂತೆ."

ಅಲೂಸಿನ್ ಪುಸ್ತಕ ತೆರೆದ. ಅದು ಎರವಲು ಪುಸ್ತಕ. ಯೋಜನೆಗೆ ಇಲಿ ಹಿಡಿಯುವ ದಿನಗೂಲಿಗಳಿಗೆ ಏನನ್ನೂ ಕೊಡುತ್ತಿರಲಿಲ್ಲ, ಎರವಲು ಕೊಡುತ್ತಿದ್ದರು. ವಾಂಡಿ ಕಲ್ಲೊನ್ ಎಂಬ ಹೆಸರಿನ ಮುಂದೆ ನಾಲ್ಕು ಸಾಲು. ತಗಡಿನ ಬೋನು ನಲವತ್ತು. ರಬ್ಬರ್ ಬೂಟು ಒಂದು ಜೊತೆ. ತಲೆಗೆ ಕಟ್ಟುವ ಟಾರ್ಚು ಒಂದು. ದಪ್ಪ ರಬ್ಬರ್ ಕೈಗವಸು ಒಂದು ಜೊತೆ.

"ಸತ್ತವನ ಕಾಲಿನ ಬೂಟು ಕೇಳಕ್ಕೆ ಬಂದಿದೀಯೇನೋ?" ಜೆನೆಬಾ ಎದ್ದು ನಿಂತಳು. "ಮಣ್ಣು ಇನ್ನೂ ಹಸಿ ಇದೆ ಕಣೋ."

"ನಾನೇನ್ ಮಾಡ್ಲಿ ಅಮ್ಮಾ. ಪುಸ್ತಕ ಮುಗಿಸ್ಬೇಕು ಅಂತಾರೆ. ಪುಸ್ತಕ ಮುಗೀದೆ ಅವನ ಫೈಲನ್ನ ಪ್ರೊಫೆಸರು ಮುಟ್ಟಲ್ಲ."

ಬೈಂದು ಬೋನುಗಳನ್ನು ಹೊತ್ತು ತಂದಳು. ಐದು ಸಲ ಒಳಗೆ ಹೊರಗೆ ಓಡಾಡಿದಳು. ಡ್ರೈವರು ಜೀಪಿನಿಂದ ಇಳಿಯಲಿಲ್ಲ. ಬೋನು ಹಗುರ ಅನ್ನಿಸುತ್ತದೆ. ನಲವತ್ತನ್ನು ಒಟ್ಟಿಗೆ ಬೆನ್ನಿಗೆ ಕಟ್ಟಿಕೊಂಡರೆ ಹಗ್ಗ ಹೆಗಲು ಕೊರೆಯುತ್ತದೆ. ವಾಂಡಿಯ ಹೆಗಲ ಮೇಲೆ ಎರಡು ಕಪ್ಪು ಪಟ್ಟೆಗಳಿದ್ದವು. ಕತ್ತಲಲ್ಲಿ ಅವಳು ಬೆರಳಿನಿಂದ ಮುಟ್ಟಿ ಬಲ್ಲ ಪಟ್ಟೆಗಳು.

ಬೂಟು ಸಿಕ್ಕಿತು. ಟಾರ್ಚು ಸಿಕ್ಕಿತು. ಕೈಗವಸು ಸಿಗಲಿಲ್ಲ.

"ಹುಡುಕಿಡು ತಂಗೀ" ಎಂದ ಅಲೂಸಿನ್. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. "ಗುರುವಾರ ಪ್ರೊಫೆಸರೇ ಬರ್ತಾರೆ. ನಿಂಗೆ ಒಳ್ಳೇದಾಗೋ ಸುದ್ದಿ ಇದೆ."

ಜೀಪು ಹೋದ ಮೇಲೆ ಮಾವಿನ ಮರದ ಬುಡದಲ್ಲಿ ಅವನ ಮಾಸ್ಕು ಬಿದ್ದಿತ್ತು. ಬೈಂದು ಅದನ್ನು ಕೋಲಿನಿಂದ ಎತ್ತಿ ಒಲೆಗೆ ಹಾಕಿದಳು.

*

ಕೈಗವಸು ಮಾರನೇ ದಿನ ಸಿಕ್ಕಿತು. ಅಡುಗೆಮನೆಯ ಹಿಂದೆ, ತಗಡಿನ ಸೂರಿನ ಸಂದಿಯಲ್ಲಿ, ಬಾಳೆ ಎಲೆಯಲ್ಲಿ ಸುತ್ತಿ ವಾಂಡಿ ಸಿಕ್ಕಿಸಿದ್ದ. ಎಲೆ ಒಣಗಿತ್ತು. ಅವನು ಅದನ್ನು ಬಚ್ಚಿಟ್ಟಿದ್ದ. ಯಾಕೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಕಡ್ಡಿಯಿಂದ ಎಳೆದು ಕ್ಲೋರಿನ್ ನೀರಿನ ಬಕೆಟ್ಟಿಗೆ ಹಾಕಿದಳು. ಅದು ದೊಡ್ಡ ಸಾಂಕ್ರಾಮಿಕ ಬಂದುಹೋದ ವರ್ಷದಿಂದ ಎಲ್ಲರ ಅಂಗಳದಲ್ಲೂ ಇರುವ ಬಕೆಟ್ಟು. ಹೊರಗೆ ಒಳಗೆ ತೊಳೆದಳು. ಬೆರಳು ಮೇಲೆ ಮಾಡಿ ಎರಡು ಗೂಟಕ್ಕೆ ಸಿಕ್ಕಿಸಿದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಬಲಗೈಯದು ಒಣಗಿತ್ತು. ಎಡಗೈಯದರ ತೋರುಬೆರಳು ಇನ್ನೂ ಹಸಿಯಾಗಿತ್ತು.

ಹತ್ತಿರ ಹೋದಳು. ಬೆರಳ ತುದಿಗೆ ಕಪ್ಪು ರಬ್ಬರಿನ ತೇಪೆ. ಸೈಕಲ್ ಟ್ಯೂಬು ಕತ್ತರಿಸಿ, ಪಂಚರು ಹಾಕುವ ಅಂಟಿನಲ್ಲಿ ಅಂಟಿಸಿದ್ದ. ನೀಟಾಗಿ ಅಂಟಿಸಿದ್ದ. ವಾಂಡಿ ಏನು ಮಾಡಿದರೂ ನೀಟಾಗಿ ಮಾಡುತ್ತಿದ್ದ. ತೇಪೆಯ ಅಂಚಿನಲ್ಲಿ ಎರಡು ಸಣ್ಣ ತೂತು. ಪಕ್ಕಪಕ್ಕ. ಸೂಜಿಮೊನೆಯಷ್ಟು.

ಅವಳು ಗವಸನ್ನು ಇಳಿಸಿ ಅದರೊಳಗೆ ನೀರು ತುಂಬಿದಳು. ಮಣಿಕಟ್ಟಿನಲ್ಲಿ ಹಿಡಿದು ಎತ್ತಿದಳು. ಗವಸು ಉಬ್ಬಿ, ಜೀವವಿರುವ ಕೈಯ ಹಾಗೆ ತೂಗಿತು. ತೋರುಬೆರಳಿನಿಂದ ಎರಡು ಸಣ್ಣ ಎಳೆ ನೀರು ಹೊರಬಂತು. ಕೆಳಗೆ ಬರುವಷ್ಟರಲ್ಲಿ ಒಂದಾಯಿತು.

ಈ ಪರೀಕ್ಷೆಯನ್ನು ಅವಳು ಮೊದಲ ವರ್ಷದ ಮೊದಲ ಪ್ರಯೋಗದ ತರಗತಿಯಲ್ಲಿ ಕಲಿತಿದ್ದಳು. ಪ್ರೊಫೆಸರ್ ಡೆಕರ್ ಮೇಜಿನ ಮುಂದೆ ನಿಂತು ಗವಸಿಗೆ ನೀರು ತುಂಬಿ ಎತ್ತಿ ಹಿಡಿದಿದ್ದರು. "ಕಣ್ಣನ್ನ ನಂಬಬೇಡಿ. ನೀರನ್ನ ನಂಬಿ" ಅಂದಿದ್ದರು. ತರಗತಿಯ ನಲವತ್ತೆರಡು ಜನ ಬರೆದುಕೊಂಡಿದ್ದರು. ಅವಳೂ ಬರೆದುಕೊಂಡಿದ್ದಳು.

ವಾಂಡಿ ಆ ತರಗತಿಯಲ್ಲಿ ಇರಲಿಲ್ಲ. ಅವನು ಯಾವ ತರಗತಿಯಲ್ಲೂ ಹೆಚ್ಚು ದಿನ ಇದ್ದವನಲ್ಲ. ಅವಳು ಪದವಿಯ ಕೊನೆಯ ವರ್ಷ ಇಲಿಗಳ ಲೆಕ್ಕ ಬರೆಯಲು ಇಲ್ಲಿಗೆ ಬಂದಾಗ ಅವಳ ಬೋನು ಹೊತ್ತವನು ಅವನು. ಕಡಲೆಕಾಯಿ, ಹೊಗೆಮೀನು, ತಾಳೆಣ್ಣೆ ಸೇರಿಸಿ ಕುಟ್ಟಿ ಇಲಿಗೆ ಉಂಡೆ ಕಟ್ಟುತ್ತಿದ್ದ. "ನೀನೂ ಒಂದು ತಿನ್ನು, ನಿಮ್ಮ ಹಾಸ್ಟೆಲ್ ಊಟಕ್ಕಿಂತ ಚೆನ್ನಾಗಿದೆ" ಎಂದು ನಗಿಸುತ್ತಿದ್ದ. ಯಾವ ಮನೆಯ ಯಾವ ಮಂಚದ ಕೆಳಗೆ ಇಲಿ ಮರಿ ಹಾಕಿದೆ ಎಂದು ಹೊಸಿಲಲ್ಲಿ ನಿಂತೇ ಹೇಳುತ್ತಿದ್ದ. ಹೊಟ್ಟೆ ನೆಲಕ್ಕೆ ಹಚ್ಚಿ ಮಂಚದಡಿ ತೆವಳುತ್ತಿದ್ದ. ಏಳು ವರ್ಷ ತೆವಳಿದ. ಆ ಇಲಿಗಳಿಂದ ನಾಲ್ಕು ಜನ ಡಾಕ್ಟರೇಟು ಪಡೆದರು. ಅವರ ಪ್ರಬಂಧಗಳನ್ನು ಬೈಂದು ಓದಿದ್ದಳು. ಇಲಿಗಳ ಹೆಸರಿತ್ತು, ಲ್ಯಾಟಿನ್ನಿನಲ್ಲಿ. ಹಿಡಿದವನ ಹೆಸರಿರಲಿಲ್ಲ.

ಪ್ರತಿ ವರ್ಷ ಯೋಜನೆಯ ಸಭೆಯಲ್ಲಿ ಫೋಟೋ ತೆಗೆಯುತ್ತಿದ್ದರು. ಬಟ್ಟೆಯ ಬ್ಯಾನರಿನ ಎರಡು ಕೋಲುಗಳನ್ನು ಹಿಡಿಯಲು ಇಲಿ ಹಿಡಿಯುವವರನ್ನೇ ಕರೆಯುತ್ತಿದ್ದರು. ಬ್ಯಾನರಿನ ಹಿಂದೆ ನಿಲ್ಲಿಸುತ್ತಿದ್ದರು. ಅವಳ ಮನೆಯ ಗೋಡೆಯಲ್ಲಿ ಅಂಥದೊಂದು ಫೋಟೋ ಇದೆ. ಅದರಲ್ಲಿ ವಾಂಡಿಯ ಕೈ ಮಾತ್ರ ಕಾಣುತ್ತದೆ.

*

ಸಂಜೆ ಫೋಡೇ ಬಂದ. ವಾಂಡಿಯ ಜೊತೆ ಐದು ವರ್ಷ ಬೋನು ಇಟ್ಟವನು. ಅವನೊಬ್ಬ ಮಾತ್ರ ಸೂರಿನ ಕೆಳಗೆ ಬಂದು, ಚಾಪೆಯ ಮೇಲೆ ಕೂತು, ಕೊಟ್ಟ ನೀರು ಕುಡಿದ. ಗೂಟದ ಮೇಲಿನ ಗವಸು ನೋಡಿದ. ಲೋಟ ಕೆಳಗಿಟ್ಟ.

"ಯಾವಾಗ ಕಚ್ಚಿತು?" ಬೈಂದು ಕೇಳಿದಳು.

"ಏನು ಅತ್ತಿಗೆ?"

"ಇಲಿ. ಹಲ್ಲಿನ ಗುರುತು ನಂಗೆ ಗೊತ್ತಿಲ್ವಾ?"

ಫೋಡೇ ತಲೆ ಎತ್ತಲಿಲ್ಲ. ಕಾಲಿನ ಉಗುರು ಕೀಳುತ್ತ ಹೇಳಿದ. ಕಾಡು ಕಡಿದು ತಾಳೆ ನೆಟ್ಟ ಹೊಸ ಜಾಗ. ಅಲ್ಲಿ ಯಾವ ಇಲಿ ಇದೆ ನೋಡಿ ಬನ್ನಿ ಎಂದು ಕಳಿಸಿದ್ದರು. ಬೆಳಗಿನ ಜಾವ ಬೋನಿನಿಂದ ಬಟ್ಟೆ ಚೀಲಕ್ಕೆ ಇಲಿ ದಾಟಿಸುವಾಗ ಕಚ್ಚಿತು. ವಾಂಡಿ ಬೆರಳನ್ನು ಹಿಂಡಿದ, ಕ್ಲೋರಿನ್ ನೀರಿನಲ್ಲಿ ಅದ್ದಿದ. ಜ್ವರ ಬಂದದ್ದು ಹನ್ನೊಂದು ದಿನದ ಮೇಲೆ.

ಬೈಂದುವಿಗೆ ಆ ದಿನ ನೆನಪಿತ್ತು. ಬೆರಳಿಗೆ ಚಿಂದಿ ಸುತ್ತಿಕೊಂಡು ಬಂದಿದ್ದ. ಬೋನಿನ ಬಾಗಿಲು ಹೊಡೆಯಿತು ಅಂದಿದ್ದ. ಅವಳು ಉಪ್ಪುನೀರು ಕಾಸಿ ಕೊಟ್ಟಿದ್ದಳು. ಚಿಂದಿ ಬಿಚ್ಚಿ ನೋಡಲಿಲ್ಲ. ಅದನ್ನೇ ಓದಿದವಳು, ಬಿಚ್ಚಿ ನೋಡಲಿಲ್ಲ.

"ಹರಿದಿದೆ ಅಂತ ಸ್ಟೋರಿಗೆ ಯಾಕೆ ಹೇಳ್ಲಿಲ್ಲ ಇವ್ನು?"

ಫೋಡೇ ನಕ್ಕ. ನಗು ಚೆನ್ನಾಗಿರಲಿಲ್ಲ. "ಹೇಳಿದ್ರೆ ಏನಾಗತ್ತೆ ಗೊತ್ತಾ ಅತ್ತಿಗೆ? ಹರಿದ ಗ್ಲೌಸನ್ನ ಇಸ್ಕೋತಾರೆ. ಹೊಸದು ರಾಜಧಾನಿಯಿಂದ ಬರ್ಬೇಕು. ಎರಡು ತಿಂಗಳು, ಮೂರು ತಿಂಗಳು. ಗ್ಲೌಸ್ ಇಲ್ದೋನಿಗೆ ಕೆಲಸ ಇಲ್ಲ. ಯಾಕೆ ಅಂದ್ರೆ ನಮ್ಮ ಸುರಕ್ಷತೆ ಅಂತೆ. ಸುರಕ್ಷಿತವಾಗಿ ಮನೇಲಿ ಕೂತ್ಕೊಂಡು ಉಪವಾಸ ಸಾಯಿ ಅಂತ."

"ಮತ್ತೆ?"

"ಮತ್ತೇನು. ಪಂಚರು ಹಾಕ್ತೀವಿ. ಬಾಯಿ ಮುಚ್ಕೋತೀವಿ."

ತನ್ನ ಚೀಲದಿಂದ ತನ್ನ ಗವಸು ತೆಗೆದು ಚಾಪೆಯ ಮೇಲಿಟ್ಟ. ಮೂರು ತೇಪೆ. "ನಂದು ನೋಡು, ಮದುವೆ ಹೆಣ್ಣಿನ ಹಾಗಿದೆ. ಮೈತುಂಬಾ ಒಡವೆ."

ಬೈಂದು ನಗಲಿಲ್ಲ. ಅವನೂ ನಿಲ್ಲಿಸಿದ. ಆಮೇಲೆ ಮೆಲ್ಲಗೆ ಹೇಳಿದ:

"ಹೇಳ್ಬೇಡ ಅತ್ತಿಗೆ. ಇನ್ನೂ ಐದು ಜನ ಇದೀವಿ. ಐದು ಜನಕ್ಕೂ ತೇಪೆ ಇದೆ. ಗೊತ್ತಾದ್ರೆ ನಾಳೆಯಿಂದಲೇ ಬೇರೆಯವರನ್ನ ಕರೀತಾರೆ. ಹೋದೋನು ಬರಲ್ಲ. ನಾವು ಇದೀವಿ."

"ನಿಮ್ಮ ಹೆಸರು ನನ್ನ ಬಾಯಲ್ಲಿ ಬರಲ್ಲ" ಎಂದಳು ಬೈಂದು. ಅವನ ಲೋಟ ಎತ್ತಿಕೊಂಡು ಒಳಗೆ ಹೋದಳು.

*

ಗುರುವಾರ ಪ್ರೊಫೆಸರ್ ಡೆಕರ್ ಬಂದರು. ಇಪ್ಪತ್ತೈದು ಕಿಲೋ ಅಕ್ಕಿಯ ಚೀಲವನ್ನು ಡ್ರೈವರು ಇಳಿಸಿದ. ಜೆನೆಬಾ ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಪ್ರೊಫೆಸರು ಕರವಸ್ತ್ರದಿಂದ ಒರೆಸಿ ಕೂತರು. ಕೂತ ಮೇಲೆ ಕರವಸ್ತ್ರವನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಎರಡು ಬೆರಳಲ್ಲಿ ಹಿಡಿದೇ ಇದ್ದರು.

"ಬೈಂದು, ಏನು ಹೇಳಬೇಕೋ ತಿಳೀತಿಲ್ಲ. ನೀನು ನನ್ನ ಒಳ್ಳೇ ವಿದ್ಯಾರ್ಥಿನಿ."

"ಹೂಂ ಸರ್."

"ವಾಂಡಿ ರಕ್ತದಲ್ಲಿ ಸಿಕ್ಕಿದ ವೈರಸ್ಸು ಹೊಸ ಬಗೆಯದು." ಅವರ ಮುಖಕ್ಕೆ ಬೆಳಕು ಬಂತು. ತರಗತಿಯಲ್ಲಿ ಬರುತ್ತಿದ್ದ ಅದೇ ಬೆಳಕು. "ಈ ಇಡೀ ಜಿಲ್ಲೆಯಲ್ಲಿ, ಯಾವ ಊರಲ್ಲೂ, ಯಾವ ರೋಗಿಯಲ್ಲೂ ನಮಗೆ ಇದು ಸಿಕ್ಕಿರಲಿಲ್ಲ. ಹೊರದೇಶದ ನಮ್ಮ ಜೊತೆಗಾರರು ಕುಣಿದಾಡ್ತಿದಾರೆ. ಅವನ ಸಾವು ವ್ಯರ್ಥ ಆಗಲ್ಲ. ಅದನ್ನ ನೀನು ತಿಳ್ಕೋಬೇಕು."

ಬೈಂದು ತಿಳಿದುಕೊಂಡಳು. ಅವನ ರಕ್ತಕ್ಕೆ ಒಂದು ಸಂಖ್ಯೆ ಕೊಟ್ಟಿದ್ದರು. ಅದು ವಿಮಾನ ಹತ್ತಿ ಹೋಗಿತ್ತು. ವಾಂಡಿ ಜೀವಮಾನದಲ್ಲಿ ವಿಮಾನ ಹತ್ತಿರಲಿಲ್ಲ.

ಪ್ರೊಫೆಸರು ಒಂದು ಹಾಳೆ ಚಾಚಿದರು. ಅಲ್ಲಲ್ಲಿ ಖಾಲಿ ಗೆರೆ, ಕೊನೆಯಲ್ಲಿ 'ಮೃತರ ಪತ್ನಿಯ ಸಹಿ'. ಇದಿಲ್ಲದೆ ಸಂಶೋಧನೆಯ ನೈತಿಕತೆ ನೋಡುವ ಸಮಿತಿ ಹೊಸ ವೈರಸ್ಸಿನ ಪ್ರಬಂಧಕ್ಕೆ ಒಪ್ಪಿಗೆ ಕೊಡುವುದಿಲ್ಲ ಎಂದರು. ಬೈಂದು ಓದಿದಳು. ಮೂರನೇ ಸಾಲಿನಲ್ಲಿ ನಿಂತಳು. ಮತ್ತೆ ಓದಿದಳು.

'ಮೃತರಿಗೆ ಸೋಂಕು ವಾಸದ ಮನೆಯಲ್ಲಿ, ಮುಚ್ಚದೆ ಇಟ್ಟ ಆಹಾರದ ಮೂಲಕ ತಗುಲಿರಬಹುದೆಂದು ನನಗೆ ತಿಳಿಸಲಾಗಿದ್ದು, ಇದಕ್ಕೆ ನನ್ನ ಒಪ್ಪಿಗೆ ಇದೆ.'

"ಮುಚ್ಚದೆ ಇಟ್ಟ ಆಹಾರ ಅಂತ ಯಾರು ನೋಡಿದ್ರು ಸರ್?"

"ಅದು ಮಾಮೂಲಿ ವಾಕ್ಯ ಬೈಂದು. ಎಲ್ಲ ಕೇಸಿಗೂ ಹಾಕ್ತೀವಿ."

"ನನ್ನ ಮನೇಲಿ ಮುಚ್ಚಳದ ಡಬ್ಬ ಇದೆ. ಯೋಜನೆಯವರೇ ಊರಿಗೆಲ್ಲ ಹಂಚಿದ್ದು. ನಿಮ್ಮ ಮುದ್ರೆ ಇದೆ ಅದರ ಮೇಲೆ."

"ಇರಬಹುದು."

"ನಾವು ಮೂರು ಜನ ಒಂದೇ ಪಾತ್ರೆಯಿಂದ ಉಂಡಿದ್ವಿ. ನನ್ನ ರಕ್ತ ತಗೊಂಡ್ರಿ, ಅತ್ತೆ ರಕ್ತ ತಗೊಂಡ್ರಿ. ಎರಡರಲ್ಲೂ ಏನೂ ಇರ್ಲಿಲ್ಲ."

"ಅದೊಂದೇ ಪುರಾವೆ ಆಗಲ್ಲ. ನಿಂಗೆ ಗೊತ್ತು."

"ಯಾವ ಊರಲ್ಲೂ ಇಲ್ಲದ ವೈರಸ್ಸು ಅಂದ್ರಿ. ಹೊಸ ಜಾಗದಲ್ಲಿ ಇಲಿ ಹಿಡಿಯಕ್ಕೆ ಇವನನ್ನ ಕಳಿಸಿದ್ರಿ. ನನ್ನ ಅಡುಗೆಮನೆಗೆ ಅದು ಹೇಗೆ ಬಂತು ಸರ್?"

ಪ್ರೊಫೆಸರು ಅವಳನ್ನು ನೋಡಿದರು. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯನ್ನು ಮೇಷ್ಟ್ರು ನೋಡುವ ಹಾಗೆ ಒಂದು ಕ್ಷಣ ನೋಡಿದರು. ಆಮೇಲೆ ಕರವಸ್ತ್ರ ಮಡಿಸಿದರು.

"ಕೆಲಸದ ಮೇಲೆ ತಗುಲಿದ್ದಕ್ಕೆ ದಾಖಲೆ ಇಲ್ಲ. ಎರಡು ವರ್ಷದಲ್ಲಿ ಒಂದೇ ಒಂದು ಗ್ಲೌಸ್ ಹರಿದ ವರದಿ ಇಲ್ಲ. ಅಲೂಸಿನ್ ಪುಸ್ತಕ ನೋಡು. ಪ್ರತಿ ತಿಂಗಳೂ 'ಸುಸ್ಥಿತಿ' ಅಂತ ಬರೆದಿದೆ. ನಮ್ಮ ಸುರಕ್ಷತಾ ಕ್ರಮಕ್ಕೆ ಹೊರದೇಶದವರು ಬಹುಮಾನ ಕೊಟ್ಟಿದಾರೆ. ಕೆಲಸದಲ್ಲಿ ತಗುಲಿತು ಅಂತ ಒಂದು ಸಾಲು ಬರೆದ್ರೆ ಇಡೀ ಯೋಜನೆ ನಿಲ್ಸ್ತಾರೆ. ಆಗ ಈ ಊರಿನ ಜ್ವರಕ್ಕೆ ಔಷಧಿ ಹುಡುಕೋರು ಯಾರು?"

ಬಾಗಿಲಲ್ಲಿದ್ದ ಜೆನೆಬಾ ಕೇಳಿದಳು: "ಏನಂತೆ ಆ ಕಾಗದದಲ್ಲಿ?"

"ನಿಮ್ಮ ಮಗ ನಮ್ಮ ಅಡುಗೆ ಉಂಡು ಸತ್ತನಂತೆ ಅತ್ತೆ."

ಮುದುಕಿ ಎದ್ದು ಒಳಗೆ ಹೋದಳು. ಮಧ್ಯಾಹ್ನದ ಸಾರಿನ ಪಾತ್ರೆ ಎತ್ತಿಕೊಂಡು ಬಂದು ಪ್ರೊಫೆಸರ ಪಾದದ ಹತ್ತಿರ ಇಟ್ಟಳು. ಮುಚ್ಚಳ ತೆಗೆದಳು.

"ಮೂಸಿ ನೋಡಪ್ಪ. ಮೂವತ್ತೆರಡು ವರ್ಷ ಅವನಿಗೆ ಉಣ್ಣಿಸಿದ್ದು ಈ ಕೈ. ಮೂಸಿ ನೋಡಿ ಆಮೇಲೆ ಬರಿ."

ಪ್ರೊಫೆಸರು ಕಾಲು ಹಿಂದಕ್ಕೆ ಎಳೆದುಕೊಂಡರು. ಮೂಸಲಿಲ್ಲ. ಎದ್ದು ಬೈಂದುವನ್ನು ಮಾವಿನ ಮರದ ಹತ್ತಿರ ಕರೆದರು. ದನಿ ತಗ್ಗಿಸಿದರು.

"ಇಲ್ಲಿ ಶಾಲೇಲಿ ಎಷ್ಟು ವರ್ಷ ಆಯ್ತು ನೀನು ಪಾಠ ಮಾಡ್ತಿರೋದು?"

"ಐದು."

"ಸರ್ಕಾರಿ ಪಟ್ಟಿಗೆ ಹೆಸರು ಸೇರಿದೆಯಾ?"

ಸೇರಿರಲಿಲ್ಲ. ಅವರಿಗೂ ಗೊತ್ತಿತ್ತು. ಮಕ್ಕಳ ಮನೆಯವರು ಕೊಡುವ ಅಕ್ಕಿ, ಮರಗೆಣಸು. ಅಷ್ಟೇ ಅವಳ ಸಂಬಳ.

"ನನ್ನ ಲ್ಯಾಬಿನಲ್ಲಿ ಸಹಾಯಕ ಸಂಶೋಧಕಿ ಹುದ್ದೆ ಇದೆ. ಖಾಯಂ. ಸೋಮವಾರದಿಂದ ಬಾ. ಈ ಪ್ರಬಂಧದಲ್ಲೂ ನಿನ್ನ ಹೆಸರು ಹಾಕ್ತೀನಿ. ಹೋದವನು ಹೋದ. ನೀನು ಬದುಕಬೇಕಲ್ಲ. ಆ ಮುದುಕೀನೂ."

ಅವರು ಪೆನ್ನು ಕೊಟ್ಟರು. ಬೈಂದು ಪೆನ್ನು ತೆಗೆದುಕೊಂಡಳು. ಲ್ಯಾಬಿನ ತಣ್ಣನೆಯ ಗಾಳಿ ನೆನಪಾಯಿತು. ಬಿಳಿ ಕೋಟು ನೆನಪಾಯಿತು. ಅದು ಅವಳಿಗೆ ಬೇಕಿತ್ತು. ಗಂಡ ಸತ್ತ ಹತ್ತನೇ ದಿನವೂ ಬೇಕಿತ್ತು. ಅದನ್ನು ಅವಳು ತನ್ನಿಂದಲೇ ಮುಚ್ಚಿಡಲಿಲ್ಲ.

"ಶನಿವಾರ ಯೋಜನೆಯ ಸಭೆಗೆ ತಂದುಕೊಡ್ತೀನಿ" ಎಂದಳು.

"ಗ್ಲೌಸೂ ತಾ. ಎರವಲು ಬಾಕಿ ಇದೆಯಂತೆ."

"ತರ್ತೀನಿ ಸರ್."

*

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಅಂಗಳ ದಾಟಬಾರದು. ಶನಿವಾರ ಬೆಳಿಗ್ಗೆ ಬೈಂದು ಬಿಳಿ ಬಟ್ಟೆಯಲ್ಲೇ ಬಾಗಿಲಿಗೆ ಬಂದಾಗ ಜೆನೆಬಾ ಅಡ್ಡ ನಿಂತಳು.

"ಊರು ಏನನ್ನತ್ತೆ?"

"ಊರು ಈಗಾಗಲೇ ಅಂತಿದೆ ಅತ್ತೆ. ಇಲಿ ಓದಿದವಳ ಅಡುಗೆಮನೆಯಲ್ಲಿ ಇಲಿ ಅಂತ."

ಮುದುಕಿ ಅವಳ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ನೋಡಿದಳು. ಒಳಗೆ ಗವಸು. ನೀರು ತುಂಬಿ ನೋಡಿದ್ದನ್ನು ಅವಳೂ ಕಂಡಿದ್ದಳು. ತಿರುಗಿ ಒಳಗೆ ಹೋಗಿ ತನ್ನ ತಲೆವಸ್ತ್ರ ಬಿಗಿದುಕೊಂಡು ಬಂದಳು.

"ನಡಿ. ನಾನೂ ಬರ್ತೀನಿ. ದೇವರು ಕೇಳಿದ್ರೆ ನಾನೇ ಕರ್ಕೊಂಡು ಹೋದೆ ಅಂತ ಹೇಳ್ತೀನಿ."

ಊರ ನಡುವೆ ಗೋಡೆಯಿಲ್ಲದ ತಗಡಿನ ಮಾಡು. ಪಂಚಾಯ್ತಿ, ಮದುವೆ, ಸಭೆ ಎಲ್ಲವೂ ಅಲ್ಲೇ. ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದರು. ನಡುವೆ ಪ್ರೊಫೆಸರು, ಪಕ್ಕದಲ್ಲಿ ಹೊರದೇಶದ ಇಬ್ಬರು, ತುದಿಯಲ್ಲಿ ಊರ ಮುಖ್ಯಸ್ಥ. ಮೇಜಿನ ಮೇಲೆ ಅವರಿಗೆ ಬಾಟಲಿ ನೀರು. ಬೆಂಚಿನ ಮೇಲೆ ಕೂತ ಊರವರಿಗೆ ಪ್ಯಾಕೆಟ್ ನೀರು. ಹಿಂದೆ ಬ್ಯಾನರು. ಒಂದು ಕೋಲು ಫೋಡೇ ಹಿಡಿದಿದ್ದ. ಇನ್ನೊಂದು ಕೋಲನ್ನು ಯಾರೋ ಹೊಸಬ ಹಿಡಿದಿದ್ದ. ಅದು ವಾಂಡಿಯ ಕೋಲು.

ಪ್ರೊಫೆಸರು ಮೈಕು ಹಿಡಿದು ಎದ್ದರು. "ಮೊದಲು ನಮ್ಮ ಸಮುದಾಯ ಸಹಾಯಕ ವಾಂಡಿ ಕಾಮರಾ ಅವರಿಗಾಗಿ ಒಂದು ನಿಮಿಷ ಮೌನ."

ಎಲ್ಲರೂ ಎದ್ದರು.

"ಕಲ್ಲೊನ್" ಎಂದಳು ಜೆನೆಬಾ, ಮೌನದ ನಡುವೆಯೇ, ಜೋರಾಗಿ. "ನನ್ನ ಮಗ ಕಲ್ಲೊನ್. ಕಾಮರಾ ಯಾವನೋ ಗೊತ್ತಿಲ್ಲ. ಅವನು ಚೆನ್ನಾಗಿರ್ಲಿ."

ಬೆಂಚಿನಲ್ಲಿ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ನಿಮಿಷ ಮುಗಿಯಿತು. ಪ್ರೊಫೆಸರು ಸಾವರಿಸಿಕೊಂಡು ಬೈಂದುವನ್ನು ಮುಂದೆ ಕರೆದರು. "ಅವರ ಪತ್ನಿ. ನಮ್ಮ ವಿಶ್ವವಿದ್ಯಾಲಯದ ಪದವೀಧರೆ. ಇನ್ನು ಮುಂದೆ ನಮ್ಮ ತಂಡದ ಸಂಶೋಧಕಿ." ಹೊರದೇಶದವರು ಚಪ್ಪಾಳೆ ತಟ್ಟಿದರು. ಕ್ಯಾಮೆರಾ ಎತ್ತಿದರು.

ಬೈಂದು ಹೋಗಿ ಮೇಜಿನ ಮುಂದೆ ನಿಂತಳು. ಸಹಿ ಮಾಡದ ಹಾಳೆಯನ್ನು ಪ್ರೊಫೆಸರ ಮುಂದೆ ಹಾಸಿದಳು. ಅದರ ಪಕ್ಕದಲ್ಲಿ ಗವಸಿನ ಜೋಡಿ ಇಟ್ಟಳು.

"ಅಲೂಸಿನಣ್ಣ, ಎರವಲು ಪುಸ್ತಕ ತನ್ನಿ. ನನ್ನ ಗಂಡ ಇಸ್ಕೊಂಡಿದ್ದು ವಾಪಸ್ ತಂದಿದೀನಿ."

"ಅದು ಆಮೇಲೆ ಬೈಂದು" ಎಂದರು ಪ್ರೊಫೆಸರು.

"ಈಗಲೇ ಸರ್. ಬಾಕಿ ಇಟ್ಕೊಂಡು ನಾನು ಯಾವ ತಂಡಕ್ಕೂ ಸೇರಲ್ಲ."

ಅಲೂಸಿನ್ ಪುಸ್ತಕ ತಂದ. ವಾಂಡಿಯ ಪುಟ ತೆರೆದ. 'ಹಿಂದಿರುಗಿಸಿದಾಗಿನ ಸ್ಥಿತಿ' ಎಂಬ ಕಡೆ ಪೆನ್ನು ಇಟ್ಟ. ಅಭ್ಯಾಸದ ಕೈ. 'ಸುಸ್ಥಿತಿ'ಯ ಮೊದಲ ಅಕ್ಷರ ಬರೆದೇಬಿಟ್ಟಿದ್ದ.

"ನಿಲ್ಲಿ. ನೋಡಿ ಬರೀರಿ."

ಮುಂದಿನ ಬೆಂಚಿನ ಮುದುಕನ ಕೈಯಿಂದ ಪ್ಯಾಕೆಟ್ ನೀರು ಕೇಳಿ ಪಡೆದಳು. ಮೂಲೆಯನ್ನು ಹಲ್ಲಿನಿಂದ ಹರಿದಳು. ಎಡಗೈ ಗವಸು ಎತ್ತಿ ನೀರು ಸುರಿದಳು. ಬೆರಳುಗಳು ಒಂದೊಂದಾಗಿ ತುಂಬಿದವು. ಮಣಿಕಟ್ಟಿನಲ್ಲಿ ಹಿಡಿದು ಮೇಜಿನ ಮೇಲೆ ಎತ್ತಿ ಹಿಡಿದಳು.

ಎಲ್ಲರೂ ನೋಡಿದರು. ತೋರುಬೆರಳಿನಿಂದ ಎರಡು ಎಳೆ ನೀರು ಇಳಿದು ಒಂದಾಗಿ ಹಾಳೆಯ ಮೇಲೆ ಬಿತ್ತು.

"ಕಣ್ಣನ್ನ ನಂಬಬೇಡಿ, ನೀರನ್ನ ನಂಬಿ ಅಂದಿದ್ರಿ ಸರ್. ಮೊದಲನೇ ವರ್ಷ. ನಾನು ಬರ್ಕೊಂಡಿದ್ದೆ."

"ಬೈಂದು, ಇದು ಅದಕ್ಕೆ ಜಾಗ ಅಲ್ಲ."

"ಇಲಿ ಕಚ್ಚಿದ್ದು ಇಲ್ಲಿ. ನೀವು ಕಳಿಸಿದ ಜಾಗದಲ್ಲಿ. ನೀವು ಎರವಲು ಕೊಟ್ಟ ಗ್ಲೌಸಿನ ಮೇಲೆ. ಹರಿದಿದೆ ಅಂತ ಹೇಳಿದ್ರೆ ಕೆಲಸ ಕಿತ್ಕೋತಿದ್ರಿ. ಅದಕ್ಕೆ ಹೇಳ್ಲಿಲ್ಲ. ಸೈಕಲ್ ಟ್ಯೂಬು ಅಂಟಿಸ್ಕೊಂಡ. ನಂಗೂ ಹೇಳ್ಲಿಲ್ಲ." ಅವಳ ದನಿ ಏರಲಿಲ್ಲ. ಪಾಠ ಒಪ್ಪಿಸುವ ಹಾಗಿತ್ತು. "ನನ್ನ ಅಡುಗೆಮನೇಲಿ ಅವನು ಸಾಯ್ಲಿಲ್ಲ. ಬರೀರಿ ಅಲೂಸಿನಣ್ಣ. ತೂತಿದೆ ಅಂತ ಬರೀರಿ."

ಅಲೂಸಿನ್ ಪ್ರೊಫೆಸರ ಮುಖ ನೋಡಿದ. ಹೊರದೇಶದ ಹೆಂಗಸು ಪಕ್ಕದವನ ಕಿವಿಯಲ್ಲಿ ಏನೋ ಕೇಳಿದಳು. ಅಲೂಸಿನ್ನನ ಪೆನ್ನು ಗಾಳಿಯಲ್ಲೇ ನಿಂತಿತು.

ಬೈಂದು ಗವಸನ್ನು ಮೇಜಿನ ಮೇಲಿಟ್ಟು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಅವನು ಬರೆದಿದ್ದ ಮೊದಲ ಅಕ್ಷರ ಹೊಡೆದುಹಾಕಿದಳು. ಬರೆದಳು: 'ಎಡಗೈ ತೋರುಬೆರಳು ತೂತು. ಎರವಲು ಪಡೆದವನೇ ತೇಪೆ ಹಾಕಿದ್ದು. ಎರವಲು ಪಡೆದವನು ಸತ್ತಿದ್ದಾನೆ.' ಕೆಳಗೆ ಸಹಿ ಮಾಡಿದಳು. ಪೂರ್ತಿ ಹೆಸರು ಬರೆದಳು. ಬೈಂದು ಕಲ್ಲೊನ್.

ಪೆನ್ನು ಪುಸ್ತಕದ ಮೇಲಿಟ್ಟು ತಿರುಗಿದಳು. ಬ್ಯಾನರು ಒಂದು ಕಡೆ ಜೋತುಬಿದ್ದಿತ್ತು. ಫೋಡೇ ಕೋಲನ್ನು ಕೆಳಗಿಟ್ಟು ಮೇಜಿನತ್ತ ಬರುತ್ತಿದ್ದ. ಬೇಡ ಎಂದು ಅವಳು ಕಣ್ಣಲ್ಲೇ ಹೇಳಿದಳು. ಅವನು ನೋಡಿಯೂ ನೋಡದಂತೆ ಚೀಲದಿಂದ ತನ್ನ ಗವಸು ತೆಗೆದು ಮೇಜಿನ ಮೇಲೆ ಎಸೆದ.

"ನಂದೂ ಬರ್ಕೊಳ್ಳಿ. ಮೂರು ಕಡೆ."

ಇಲಿ ಹಿಡಿಯುವ ಉಳಿದ ನಾಲ್ವರು ಮಾಡಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ನೆಲ ನೋಡುತ್ತಿದ್ದರು. ಯಾರೂ ಕದಲಲಿಲ್ಲ. ಬೈಂದು ಅವರನ್ನು ದೂರಲಿಲ್ಲ. ಸೋಮವಾರ ಫೋಡೇಯನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳನ್ನೂ ಯಾರೂ ಕರೆಯುವುದಿಲ್ಲ.

ಜೆನೆಬಾ ಬಂದು ಸೊಸೆಯ ಕೈ ಹಿಡಿದಳು. ಇಬ್ಬರೂ ಮಾಡಿನಿಂದ ಹೊರಗೆ ಬಿಸಿಲಿಗೆ ಇಳಿದರು. ಬೈಂದು ಒಮ್ಮೆ ಹಿಂದಿರುಗಿ ನೋಡಿದಳು.

ಬಿಳಿ ಬಟ್ಟೆಯ ಮೇಲೆ ಗವಸು ಮಲಗಿತ್ತು. ಬೆರಳು ಮೇಜಿನ ಅಂಚಿನಿಂದ ಹೊರಗೆ ಚಾಚಿತ್ತು. ನೀರು ತೊಟ್ಟಿಕ್ಕುತ್ತಿತ್ತು. ಹಾಳೆಯ ಮೂರನೇ ಸಾಲು ಒದ್ದೆಯಾಗಿ ಹಬ್ಬಿತ್ತು. ಅವಳು ಗವಸನ್ನು ಎರಡು ಸಲ ಕ್ಲೋರಿನ್ನಿನಲ್ಲಿ ತೊಳೆದಿದ್ದಳು. ಅವರಿಗೆ ಹೇಳಿರಲಿಲ್ಲ. ಮೇಜಿನ ಹಿಂದಿನ ಕುರ್ಚಿಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಸರಿದಿದ್ದವು. ಪ್ರೊಫೆಸರು ಎರಡೂ ಕೈಗಳನ್ನು ಎದೆಯ ಹತ್ತಿರ ಎತ್ತಿ ಹಿಡಿದಿದ್ದರು. ಪಕ್ಕದಲ್ಲೇ ಕರವಸ್ತ್ರವಿತ್ತು.

ಒರೆಸಲು ಯಾರೂ ಕೈ ಹಾಕಲಿಲ್ಲ.